ಹಿಂದೆ ಹಿಂದೆ ಇಳಿದವನು

ನಮ್ಮ ಬೀದಿಗಳ ಬಗ್ಗೆ ಪತ್ರಿಕೆಯವರು ಆಗಾಗ ಬರೆಯುತ್ತಾರೆ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದು, ಇಲ್ಲಿ ಹೊಗೆಯಿಲ್ಲ, ಹಾರ್ನಿಲ್ಲ, ಬೇಕಾದ್ದೆಲ್ಲ ಕೂಗಳತೆಯಲ್ಲೇ ಸಿಗುತ್ತದೆ ಎಂದು ಹೊಗಳಿ ಹೋಗುತ್ತಾರೆ. ಹೊಗಳಲಿ, ಸುಳ್ಳೇನಲ್ಲ. ಮೋಟಾರು ಗಾಡಿ ನುಗ್ಗಲಾಗದಷ್ಟು ಕಿರಿದಾದ ಬೀದಿಗಳು ನಮ್ಮವು. ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಸ್ವಲ್ಪ ದನಿ ಎತ್ತಿದರೆ ಹಾಲಿನ ಅಂಗಡಿಯವಳಿಗೂ ಕೇಳುತ್ತದೆ, ಎದುರಿನ ಕಟಿಂಗ್ ಅಂಗಡಿಯವನಿಗೂ ಕೇಳುತ್ತದೆ. ದವಾಖಾನೆ, ಶಾಲೆ, ತರಕಾರಿ ಎಲ್ಲವೂ ಆ ತಿರುವು ದಾಟಿದರೆ ಸಿಕ್ಕಿತು. ಆದರೆ ಬರೆಯಲು ಬಂದವರು ಯಾರೂ ಕತ್ತೆತ್ತಿ ಮೇಲೆ ನೋಡಿದ್ದನ್ನು ನಾನು ಕಾಣೆ. ನಮ್ಮ ಮನೆಗಳು ಒಂದರ ಮೇಲೊಂದು ಏರಿ ಕೂತಿವೆ. ಲಿಫ್ಟ್ ಇಡಲು ಜಾಗವಿಲ್ಲ. ಮೆಟ್ಟಿಲಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಕಾಲು ಗಟ್ಟಿಯಿರುವ ತನಕ ಇದು ಸ್ವರ್ಗ. ಕಾಲು ಸೋತ ಮೇಲೆ ಅದೇ ಬೀದಿಯನ್ನು ಕಿಟಕಿಯಿಂದ ನೋಡುತ್ತಾ ಕೂರಬೇಕು, ಅಷ್ಟೆ.

ಹಾಗೆ ಕೂತವರನ್ನು ಕೆಳಗಿಳಿಸುತ್ತಿದ್ದವನನ್ನು ನಾವು ಏಡಿಯಣ್ಣ ಎನ್ನುತ್ತಿದ್ದೆವು. ಏಡಿ ನಡೆಯುವುದು ಅಡ್ಡಡ್ಡ, ಇವನು ನಡೆಯುವುದು ಹಿಂದಕ್ಕೆ, ಹೆಸರು ಸರಿಹೊಂದುವುದಿಲ್ಲ ಎಂದು ಮೂರನೇ ಅಂತಸ್ತಿನ ಟೀಚರಜ್ಜಿ ತಕರಾರು ತೆಗೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಟ್ಟ ಹೆಸರು ಇಟ್ಟದ್ದೇ.

ಅವನು ಹಮಾಲಿ. ನನ್ನ ಅಂಗಡಿಯಿರುವ ಕಟ್ಟಡದಲ್ಲೇ, ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಅವನ ಮನೆ. ಅವನ ಜೊತೆ ಹೆಂಡತಿ, ಮದುವೆಯಾಗದ ತಮ್ಮ. ತಮ್ಮ ಆ ಹೆಂಗಸನ್ನು ದಿನವಿಡೀ 'ಅತ್ತಿಗೇ' ಎಂದು ಬೀದಿಗೆಲ್ಲ ಕೇಳುವಂತೆ ಕರೆಯುತ್ತಿದ್ದುದರಿಂದ ಅವಳು ನಮಗೆಲ್ಲರಿಗೂ ಅತ್ತಿಗೆಯೇ ಆಗಿಬಿಟ್ಟಿದ್ದಳು. ತಮ್ಮನ ಹೆಸರು ಬಾಯಣ್ಣ. ಅದು ಯಾಕೆ ಎಂದು ಹೇಳಬೇಕಾದರೆ ಅವರ ಕೆಲಸದ ರೀತಿ ಹೇಳಬೇಕು.

ಬೀರು, ಮಂಚ, ಬಟ್ಟೆ ಒಗೆಯುವ ಮಷೀನು, ಏನೇ ಇರಲಿ, ನಮ್ಮ ಮೆಟ್ಟಿಲಲ್ಲಿ ಇಳಿಸಬೇಕಾದರೆ ಕೆಳಗಿರುವವನು ಹೊರೆಯನ್ನು ಎದೆಗೆ ಅಪ್ಪಿಕೊಂಡು ಹಿಂದೆ ಹಿಂದೆ ಇಳಿಯಬೇಕು. ಬೆನ್ನಿಗೆ ಹೊತ್ತರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆ ಇಳಿಯುವವನಿಗೆ ತನ್ನ ಕಾಲು ಎಲ್ಲಿ ಬೀಳುತ್ತಿದೆಯೆಂದು ಕಾಣುವುದಿಲ್ಲ. ಮೇಲಿರುವವನು ಪಕ್ಕದಿಂದ ಬಗ್ಗಿ ನೋಡಿ ಹೇಳಬೇಕು: 'ಮೆಟ್ಟಿಲು… ಮೆಟ್ಟಿಲು… ಎಡಕ್ಕೆ… ಮೆಟ್ಟಿಲು… ನೆಲ.' ಅಣ್ಣ ಯಾವಾಗಲೂ ಕೆಳಗೆ, ತಮ್ಮ ಯಾವಾಗಲೂ ಮೇಲೆ. ಅಪ್ಪ ಬದುಕಿದ್ದಾಗ ಹೀಗೆ ನಿಲ್ಲಿಸಿಹೋದ, ಅವರು ಹಾಗೇ ನಿಂತರು. ತಮ್ಮನ ದನಿ ಕಂಚಿನಂಥದ್ದು. ನಾಲ್ಕು ಗೋಡೆಗಳ ಆ ಕತ್ತಲೆಯಲ್ಲಿ ಅದು 'ಮೆಟ್ಟಿಲು' ಎಂದರೆ ಅಣ್ಣ ಕಣ್ಣುಮುಚ್ಚಿ ಕಾಲಿಡುತ್ತಿದ್ದ.

ಅವರ ಬಗ್ಗೆ ನನಗೆ ಒಂದು ಸಿಟ್ಟಿತ್ತು, ಈಗಲೂ ಇದೆ. ಇಬ್ಬರೂ ಕೆಲಸವನ್ನು ಎಷ್ಟು ಚೊಕ್ಕವಾಗಿ ಹಂಚಿಕೊಂಡಿದ್ದರೆಂದರೆ, ಒಬ್ಬನ ಪಾಲಿನದ್ದು ಇನ್ನೊಬ್ಬನಿಗೆ ತಿಳಿಯಲೇ ಇಲ್ಲ. ಯಾವ ಕಟ್ಟಡದಲ್ಲಿ ಯಾವ ಮೆಟ್ಟಿಲು ಸವೆದಿದೆ, ಎಲ್ಲಿ ಒಂದು ಎತ್ತರ ಒಂದು ತಗ್ಗು, ಎಲ್ಲ ಬಾಯಣ್ಣನಿಗೆ ಬಾಯಿಪಾಠ. ಏಡಿಯಣ್ಣನಿಗೆ ತನ್ನ ಮನೆಯ ಮೆಟ್ಟಿಲೂ ಗೊತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. ಅವನು ಬೀಡಿ ಆರಿಸುತ್ತಾ ಹೇಳಿದ, "ಬರಿಗೈಲಿ ಇಳಿಯೋವಾಗ ಗೊತ್ತಕ್ಕ. ಹೊರೆ ಎದೆಗೆ ಬಂತು ಅಂದ್ರೆ ಕಾಲಿಗೆ ನೆನಪಿರಲ್ಲ. ನೆನಪಿಟ್ಕೊಳ್ಳೋದು ಅವನ ಕೆಲಸ."

"ಅವನಿಗೆ ಜ್ವರ ಬಂದ್ರೆ?"

"ಜ್ವರ ಬಂದ್ರೆ ಇಬ್ರೂ ಮಲಗ್ತೀವಿ," ಎಂದ. ತಮಾಷೆಗಲ್ಲ. ಹಾಗೇ ಮಾಡುತ್ತಿದ್ದರು.

ವಾರದ ರಜೆಯ ದಿನ ಬೆಳಗ್ಗೆ ಅವರು ಬೀರು ಮಂಚ ಮುಟ್ಟುತ್ತಿರಲಿಲ್ಲ. ಅಂದು ಕುರ್ಚಿಯ ದಿನ. ಗಟ್ಟಿ ಕೈಗಳ ಒಂದು ಮರದ ಕುರ್ಚಿ, ಮುಂದೆ ಕಾಲಿಡಲು ಹಲಗೆ, ಸೊಂಟಕ್ಕೆ ನಾನೇ ಹೊಲಿದುಕೊಟ್ಟ ದಪ್ಪ ಪಟ್ಟಿ. ಕಾಲು ಸೋತ ಮುದುಕ ಮುದುಕಿಯರನ್ನು ಒಬ್ಬೊಬ್ಬರಾಗಿ ಇಳಿಸಿ ಬೀದಿಯಲ್ಲಿ ಬಿಸಿಲಿಗೆ ಕೂರಿಸುವುದು, ಬಿಸಿಲು ಏರಿದ ಮೇಲೆ ಹೊತ್ತು ಹತ್ತಿಸುವುದು. ಕೂಲಿಯಿಲ್ಲ. ಅಣ್ಣ ಹಿಂದೆ ಹಿಂದೆ ಇಳಿಯುತ್ತಿದ್ದುದರಿಂದ ಕೂತವರಿಗೆ ದಾರಿಯುದ್ದ ಅವನ ಮುಖ ಎದುರಿಗಿರುತ್ತಿತ್ತು. ಅವನ ಮುಖ ಏನೂ ಅಂಥ ನೋಡುವಂಥದ್ದಲ್ಲ. ಆದರೂ ಟೀಚರಜ್ಜಿ ಹೇಳುತ್ತಿದ್ದರು, ಆ ಮುಖ ನೋಡ್ತಾ ಇಳಿದ್ರೆ ಬೀಳೋ ಭಯ ಇರಲ್ಲ ಅಂತ. ನಮ್ಮ ಬೀದಿಯ ಎಷ್ಟು ಅಮ್ಮಂದಿರು, ಎಷ್ಟು ಅಜ್ಜಂದಿರು ಕೊನೆಯ ಸಲ ದವಾಖಾನೆಗೆ ಹೋದಾಗಲೂ ಆ ಮುಖವನ್ನೇ ನೋಡುತ್ತಾ ಇಳಿದರು.

ಬಾಯಣ್ಣನಿಗೆ ದನಿ ಒಡೆಯತೊಡಗಿದಾಗ ನಾವೆಲ್ಲ ನಕ್ಕೆವು. ಈ ವಯಸ್ಸಿಗೆ ಗಂಟಲು ಒಡೀತಾ ಇದೆ, ಹುಡುಗಿ ನೋಡ್ಬೇಕು ಅಂತ ಕಟಿಂಗ್ ಅಂಗಡಿಯವನು ಛೇಡಿಸಿದ. ನಗೆ ಬಹಳ ದಿನ ಉಳಿಯಲಿಲ್ಲ. ಗಂಟಲಲ್ಲಿ ಗಂಟು. ದೊಡ್ಡ ಆಸ್ಪತ್ರೆಯವರು ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕೆಂದರು, ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು ಉಳಿಯಿತು. ಅದರ ಮೇಲೆ ಕಟ್ಟಿಕೊಳ್ಳಲು ತೆಳು ಬಟ್ಟೆಯ ಚಿಕ್ಕ ಪರದೆಗಳನ್ನು ನಾನು ಹೊಲಿದುಕೊಟ್ಟೆ. ಹೊಲಿಯುವಾಗ ಮಷೀನಿನ ಮುಂದೆ ಅತ್ತೆ. ಬೇರೆ ಯಾರ ಬಟ್ಟೆ ಹೊಲಿಯುವಾಗಲೂ ನಾನು ಅತ್ತವಳಲ್ಲ.

ಅಣ್ಣ ಆಸ್ಪತ್ರೆಯಿಂದ ಬಂದವನು ಬೇರೆ ಜೊತೆಗಾರರನ್ನು ಹುಡುಕಿದ. ಅವರೂ 'ಮೆಟ್ಟಿಲು' ಎಂದೇ ಹೇಳುತ್ತಿದ್ದರು, ಗಟ್ಟಿಯಾಗಿಯೇ ಹೇಳುತ್ತಿದ್ದರು. ಇವನ ಕಾಲು ಕೇಳುತ್ತಿರಲಿಲ್ಲ. ಒಂದು ಕಾಲು ಎತ್ತಿ, "ಮೆಟ್ಟಿಲಾ?" ಎಂದು ಮತ್ತೆ ಕೇಳುವನು. "ಹೇಳಿದೆನಲ್ಲಪ್ಪಾ" ಎಂದು ಅವರು ರೇಗುವರು. ಒಂದು ದಿನ ಪಕ್ಕದ ಕಟ್ಟಡದಲ್ಲಿ ಬೀರು ಇಳಿಸುವಾಗ, ನೆಲ ಎಂದದ್ದನ್ನು ನಂಬದೆ ಇನ್ನೊಂದು ಮೆಟ್ಟಿಲಿಗೆ ಕಾಲು ಚಾಚಿ, ಬೀರು ಸಮೇತ ಗೋಡೆಗೆ ಅಪ್ಪಳಿಸಿದ. ಪಕ್ಕೆಲುಬಿಗೆ ಪೆಟ್ಟಾಯಿತು. ಅಂದಿಗೆ ಮೆಟ್ಟಿಲ ಕೆಲಸ ಬಿಟ್ಟ. ತಳ್ಳುಗಾಡಿಯಲ್ಲಿ ಬೀದಿಯಿಂದ ಬೀದಿಗೆ ಮೂಟೆ ಸಾಗಿಸುವುದಷ್ಟೇ ಉಳಿಯಿತು. ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟ.

ಬಾಯಣ್ಣನೂ ಏಳುವಂತಿರಲಿಲ್ಲ. ಮೊದಲು ಗೋಡೆ ಹಿಡಿದು ಇಳಿಯುತ್ತಿದ್ದವನು ಆಮೇಲೆ ಅದನ್ನೂ ಬಿಟ್ಟ, ಎದ್ದು ನಿಲ್ಲುವಷ್ಟು ಶಕ್ತಿ ಕಾಲಲ್ಲಿ ಉಳಿಯಲಿಲ್ಲ. ರೋಗ ಒಳಗೊಳಗೇ ಹರಡಿದೆಯೆಂದು ಆಸ್ಪತ್ರೆಯವರು ಅತ್ತಿಗೆಗೆ ಹೇಳಿ ಕಳಿಸಿದರು. ಊರಿಗೆಲ್ಲ ಕೇಳುವಂತೆ ಬದುಕಿದವನು ಮೇಲಿನ ಕೋಣೆಯಲ್ಲಿ ಮಂಚದ ಮೇಲೆ ಮೂಕನಾಗಿ ಮಲಗಿದ. ಅವನಿಗೆ ಬೇಕಾದದ್ದು ಒಂದೇ. ಯಾರು ಹೋದರೂ ತೋರುಬೆರಳು ಕೆಳಕ್ಕೆ ಮಾಡಿ ತೋರಿಸುವನು. ಕೆಳಗೆ. ಬೀದಿಗೆ. ಅಣ್ಣ ಅದನ್ನು ಕಂಡೂ ಕಾಣದವನಂತೆ ನೀರಿನ ಲೋಟ ಕೊಡುವನು, ಹೊದಿಕೆ ಸರಿಮಾಡುವನು.

ನನಗೆ ತಡೆಯಲಿಲ್ಲ. ಒಂದು ದಿನ ಏಡಿಯಣ್ಣ ಅಂಗಡಿ ಮುಂದೆ ಗಾಡಿ ನಿಲ್ಲಿಸಿದಾಗ ಅಂದೇಬಿಟ್ಟೆ. "ಊರವರ ಅಮ್ಮಂದಿರನ್ನೆಲ್ಲ ಇಳಿಸಿದೆ. ಸ್ವಂತ ತಮ್ಮ ಭಾರ ಆದನಾ?"

"ಭಾರ ಅಲ್ಲಕ್ಕ. ಬೀಳಿಸ್ತೀನಿ."

"ಹಿಂದೆ ಹಿಡಿಯೋಕೆ ನಾನು ಬರ್ತೀನಿ, ನಾನು ಹೇಳ್ತೀನಿ," ಎಂದ ಎದುರಿನ ಕಟಿಂಗ್ ಅಂಗಡಿಯವನು. ಅವನು ಬಾಯಣ್ಣನಿಗೆ ಶೇವ್ ಮಾಡಲು ಮೇಲೆ ಹೋಗಿಬರುತ್ತಿದ್ದವನು. ತೋಳಲ್ಲಿ ಕಸುವಿದೆ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ.

ಏಡಿಯಣ್ಣ ತಲೆಯಾಡಿಸಿದ. "ನಿನ್ನ ಮಾತು ನಂಬ್ತೀನಿ. ನನ್ನ ಕಾಲು ನಂಬಲ್ಲ."

ಅತ್ತಿಗೆಯೂ ಗಂಡನ ಪರ. ಮಲಗಿದವನು ಮಲಗಿಯೇ ಇರಲಿ, ಬಿದ್ದು ಮೂಳೆ ಮುರಿದರೆ ಯಾರಿಗೆ ಬೇಕು ಎಂದಳು. ಅವಳದೂ ತಪ್ಪಲ್ಲ. ಆದರೆ ಆ ಬೆರಳು ಕೆಳಕ್ಕೆ ತೋರಿಸುವುದು ನಿಲ್ಲಲಿಲ್ಲ, ನನ್ನ ಕಾಟವೂ ನಿಲ್ಲಲಿಲ್ಲ. ಕೊನೆಗೆ ಏಡಿಯಣ್ಣ ಬಾಗಿಲಾಚೆ ಮೆಟ್ಟಿಲ ಬಾಯಿಯ ತನಕ ಮಾತ್ರ, ಗಾಳಿಗೆ, ಎಂದು ಒಪ್ಪಿದ.

ಅಂದು ನಾನೂ ಹೊಸ ಪರದೆಗಳನ್ನು ಕೊಡುವ ನೆಪದಲ್ಲಿ ಮೇಲೆ ಹೋಗಿದ್ದೆ. ಕುರ್ಚಿಯ ಧೂಳು ಒರೆಸಿ ಬಾಯಣ್ಣನನ್ನು ಕೂರಿಸಿ ಪಟ್ಟಿ ಕಟ್ಟಿದರು. ಹಿಂದೆ ಕಟಿಂಗ್ ಅಂಗಡಿಯವನು, ಮುಂದೆ ಅಣ್ಣ. ಮೆಟ್ಟಿಲ ಬಾಯಿಗೆ ತಂದರು. ಅಣ್ಣನ ಬೆನ್ನು ಮೆಟ್ಟಿಲ ಕಡೆಗೆ, ಕುರ್ಚಿಯ ಮುಂಗಾಲು ಅವನ ಕೈಯಲ್ಲಿ, ತಮ್ಮನ ಪಾದ ಅವನ ಎದೆಯ ಹತ್ತಿರ.

"ಒಂದೇ ಒಂದು ಮೆಟ್ಟಿಲು ಇಳಿಯಣ್ಣ," ಎಂದ ಕಟಿಂಗ್ ಅಂಗಡಿಯವನು. "ನಾನು ಹೇಳ್ತೀನಿ, ಮೆಟ್ಟಿಲು."

ಏಡಿಯಣ್ಣ ಒಂದು ಕಾಲು ಎತ್ತಿದ. ಇಳಿಸಲಿಲ್ಲ. "ಮೆಟ್ಟಿಲಾ?" ಎಂದ. ಹಣೆಯಲ್ಲಿ ಬೆವರು. ಕುರ್ಚಿ ನಡುಗತೊಡಗಿತು. ಅತ್ತಿಗೆ ಸೆರಗನ್ನು ಬಾಯಿಗಿಟ್ಟುಕೊಂಡಳು, ನನಗೆ ಯಾಕಾದರೂ ಮೂಗು ತೂರಿಸಿದೆನೋ ಅನ್ನಿಸಿತು. ಅಷ್ಟರಲ್ಲಿ ಬಾಯಣ್ಣ ಅಣ್ಣನ ಎದೆಗೆ ಒದ್ದ.

ಪ್ರೀತಿಯಿಂದಲ್ಲ, ರೋಸಿಹೋಗಿ. ಮಾತಿದ್ದಿದ್ದರೆ ಬೈದಿರುತ್ತಿದ್ದ, ಮಾತಿರಲಿಲ್ಲ, ಕಾಲಿತ್ತು. ಒದೆ ಬಿದ್ದದ್ದೇ ಅಣ್ಣನ ಎತ್ತಿದ ಕಾಲು ತಾನಾಗಿ ಕೆಳಗಿನ ಮೆಟ್ಟಿಲ ಮೇಲೆ ಊರಿತು.

ಅಣ್ಣ ತಮ್ಮನ ಮುಖ ನೋಡಿದ. ತಮ್ಮನೂ ನೋಡಿದ. ಆಮೇಲೆ ಬಾಯಣ್ಣ ಅಣ್ಣನ ಭುಜದಾಚೆ ಬಗ್ಗಿ ಕೆಳಗೆ ನೋಡಿ, ಇನ್ನೊಂದು ಸಲ ಒದ್ದ, ಈ ಸಲ ಮೆಲ್ಲಗೆ. ಇನ್ನೊಂದು ಕಾಲು ಇಳಿಯಿತು.

"ಮೆಟ್ಟಿಲು," ಎಂದ ಹಿಂದಿನವನು ಉತ್ಸಾಹದಿಂದ.

"ನೀನು ಬಾಯಿ ಮುಚ್ಚು," ಎಂದ ಏಡಿಯಣ್ಣ. "ಅವನು ಹೇಳ್ತಾ ಇದ್ದಾನೆ."

ಅಂದೇ ಪೂರ್ತಿ ಇಳಿದುಬಿಟ್ಟರು. ಒಂದು ಒದೆ ಮೆಟ್ಟಿಲಿಗೆ, ಪಾದ ಒತ್ತಿದ ಕಡೆ ತಿರುವು, ಎರಡು ಒದೆಯೆಂದರೆ ನೆಲ. ಯಾರೂ ಕೂತು ಗೊತ್ತುಮಾಡಿದ್ದಲ್ಲ, ದಾರಿಯಲ್ಲೇ ಆಯಿತು. ಟೀಚರಜ್ಜಿ ಬಾಗಿಲು ತೆರೆದು ನೋಡಿ, ಕಣ್ಣೊರೆಸಿಕೊಂಡು, "ನನ್ನನ್ನೂ ಇಳಿಸಪ್ಪ, ನಾನೂ ಒದೀತೀನಿ," ಎಂದರು.

"ಅಜ್ಜಿ, ನಿಮ್ಮ ಒದೆ ನನಗೆ ಅಭ್ಯಾಸ ಇಲ್ಲ," ಎಂದ ಏಡಿಯಣ್ಣ. ಅಜ್ಜಿ ನಕ್ಕರು. ಬಾಗಿಲು ಹಾಕಿಕೊಳ್ಳುವಾಗ ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಅಲ್ಲಿಂದ ದಿನಾ ಬೆಳಗ್ಗೆ. ನನ್ನ ಅಂಗಡಿಯ ಪಕ್ಕದಲ್ಲಿ ಬಿಸಿಲು ಬೀಳುವ ಜಾಗಕ್ಕೆ ಅವನ ಕುರ್ಚಿ ಬರುತ್ತಿತ್ತು. ನಡೆದುಹೋಗುವವರ ಬೀದಿಯಲ್ಲಿ ಕೂತವನಿಗೆ ಬೇಸರವೆಂಬುದಿಲ್ಲ. ಪ್ರತಿಯೊಬ್ಬರೂ ಅವನ ಮುಂದೆ ಹಾದೇ ಹೋಗಬೇಕು, ಗಾಡಿಯಲ್ಲಿ ಕೂತು ತಪ್ಪಿಸಿಕೊಳ್ಳುವಂತಿಲ್ಲ. ಶಾಲೆಗೆ ಹೋಗುವ ಮಕ್ಕಳು ನಿಂತು ಕೈ ಕುಲುಕುವರು. ಹಾಲಿನ ಅಂಗಡಿಯವಳು ಗಂಡನ ಮೇಲಿನ ದೂರನ್ನೆಲ್ಲ ಅವನ ಮುಂದೆ ತೋಡಿಕೊಳ್ಳುವಳು, ಮೂಕನಿಗೆ ಹೇಳಿದರೆ ಬೀದಿಗೆ ಹೋಗುವುದಿಲ್ಲವೆಂಬ ಧೈರ್ಯ. ನಾನು ಮಷೀನು ತುಳಿಯುತ್ತಾ, "ಸೋಮಾರಿ, ಗುಂಡಿಯಾದ್ರೂ ಹೊಲಿ," ಎಂದು ಸೂಜಿ ಕೊಡುವೆ. ಅವನು ಸೂಜಿಯನ್ನು ಕುರ್ಚಿಯ ಕೈಗೆ ಚುಚ್ಚಿಟ್ಟು ನಗುವನು. ದನಿಯಿಲ್ಲದ ನಗು. ನೋಡಲು ನನಗೆ ಕಷ್ಟವಾಗುತ್ತಿತ್ತು, ಆದರೂ ನಗಿಸದೆ ಬಿಡುತ್ತಿರಲಿಲ್ಲ.

ಮೆಟ್ಟಿಲಲ್ಲಿ ಮಾತ್ರ ಒಂದು ನಿಯಮ. ಯಾರೂ ಮಾತಾಡುವಂತಿಲ್ಲ. ಅವರು ಇಳಿಯುವಾಗ ನನಗೆ ಅಂಗಡಿಯಲ್ಲಿ ಕೇಳುತ್ತಿದ್ದದ್ದು ನಾಲ್ಕು ಕಾಲುಗಳ ಸದ್ದು, ಕಟಿಂಗ್ ಅಂಗಡಿಯವನ ಏದುಸಿರು, ಅಷ್ಟೇ. "ನನ್ನ ಹೆಂಡತಿಗೆ ಇಷ್ಟು ವರ್ಷದಲ್ಲಿ ಮಾಡೋಕಾಗದ್ದನ್ನ ಈ ಅಣ್ಣ ಮಾಡಿದ," ಎನ್ನುತ್ತಿದ್ದ ಅವನು, ಕೆಳಗೆ ಬಂದ ಕೂಡಲೇ ಕಟ್ಟಿಟ್ಟ ಮಾತನ್ನೆಲ್ಲ ನನ್ನ ಮೇಲೆ ಸುರಿದು.

ಚಳಿ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಏಡಿಯಣ್ಣ ಅಂಗಡಿಯೊಳಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತ. ಅವನು ಕೂರುವವನಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಎದೆ ತೋರಿಸಿದ. ಎದೆಯ ಮೂಳೆಯ ಮೇಲೆ ಹಳೆಯ ಹಸಿರು ಕಲೆ, ಮಾಸುತ್ತಾ ಇತ್ತು.

"ಮೊದಮೊದಲು ಕಪ್ಪಗಿತ್ತು," ಎಂದ. "ರಾತ್ರಿ ಮಲಗಿದ್ರೆ ನೋಯೋದು. ಈಗ ನೋಯಲ್ಲ ಅಕ್ಕ. ಒದೆ ಮೆತ್ತಗಾಗಿದೆ."

ಆಸ್ಪತ್ರೆಯವರು ಫೋಟೋ ತೆಗೆದು, ರಕ್ತ ತೆಗೆದು ಹೇಳುವುದನ್ನು ಅವನು ಎದೆಯಲ್ಲಿ ದಿನದಿನವೂ ತಿಳಿದುಕೊಳ್ಳುತ್ತಿದ್ದ. ಅವನಿಗೆ ಯಾರೂ ಸುಳ್ಳು ಸಮಾಧಾನ ಹೇಳುವಂತಿರಲಿಲ್ಲ. ಇಂಥ ಕಷ್ಟ ನನ್ನ ಶತ್ರುವಿಗೂ ಬೇಡ ಅನ್ನಿಸಿತು.

"ಹಾಗಾದ್ರೆ ಇಳಿಸೋದು ಬಿಟ್ಟುಬಿಡು, ಸುಸ್ತಾಗ್ತಾನೇನೋ," ಎಂದೆ. ಇಳಿಸು ಇಳಿಸು ಎಂದು ಪ್ರಾಣ ತಿಂದವಳು ನಾನೇ.

"ಬಿಡೋಣ ಅಂತ ಕೇಳ್ದೆ. ಬೆರಳು ಕೆಳಗೇ ತೋರಿಸ್ತಾನೆ." ನೆಲದ ಮೇಲಿನ ದಾರದ ತುಂಡೊಂದನ್ನು ಎತ್ತಿಕೊಂಡ. "ನಾನು ಒಂದನ್ನ ಕೇಳ್ಬೇಕು ಅನ್ಕೊಂಡಿದ್ದೆ. ಅವನು ಹೇಳೋದು ನಿಲ್ಲಿಸಿದ್ರೆ ನಾನು ಮೆಟ್ಟಿಲ ಮಧ್ಯ ಏನು ಮಾಡ್ಲಿ?"

"ಕಟಿಂಗ್ ಅಂಗಡಿಯವನು ಹೇಳ್ತಾನೆ."

"ಅವನ ದನಿಗೆ ನನ್ನ ಕಾಲು ಇಳಿಯಲ್ಲ."

"ಹಾಗಾದ್ರೆ ಅಲ್ಲೇ ನಿಂತಿರು," ಎಂದೆ ಸಿಟ್ಟಿನಲ್ಲಿ. ಸಿಟ್ಟು ಅವನ ಮೇಲಲ್ಲ. ಅವನಿಗೂ ಅದು ಗೊತ್ತಿತ್ತು. ಗುಂಡಿ ಹಾಕಿಕೊಂಡು ಗಾಡಿ ತಳ್ಳಿಕೊಂಡು ಹೋದ.

ಆಮೇಲೆಯೂ ಕೆಲವು ವಾರ ಇಳಿಸಿದರು. ಇಳಿಯುವ ಸದ್ದು ದಿನೇ ದಿನೇ ನಿಧಾನವಾಯಿತು. ಒಂದು ಕಾಲಿನ ಸದ್ದಿಗೂ ಇನ್ನೊಂದಕ್ಕೂ ನಡುವೆ ನಾನು ದಾರ ಪೋಣಿಸಿ ಮುಗಿಸುತ್ತಿದ್ದೆ. ಅತ್ತಿಗೆ ಬೇಡವೆನ್ನುವುದನ್ನೂ ಬಿಟ್ಟಿದ್ದಳು. ಹಿಂದಿನಿಂದ ಬಂದು ಹೊದಿಕೆ ಹೊದಿಸಿ, ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಸೊಪ್ಪು ಬಿಡಿಸುವಳು.

ಆ ಬೆಳಗ್ಗೆ ನಾನು ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಮೇಲೆ ಬಾಗಿಲು ತೆರೆದದ್ದು ಕೇಳಿತು, ಕುರ್ಚಿ ಎತ್ತಿದ್ದು ಕೇಳಿತು. ಕಾಲಿನ ಸದ್ದು ಇಳಿಯತೊಡಗಿತು. ಒಂದು, ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು. ಟೀಚರಜ್ಜಿಯ ಮನೆಯ ಅಂತಸ್ತು ದಾಟಿದರು ಅಂದುಕೊಂಡೆ. ಸದ್ದು ನಿಂತಿತು. ನಾನು ತೋಳಿನ ಹೊಲಿಗೆ ಮುಗಿಸಿದೆ. ಇನ್ನೂ ನಿಂತೇ ಇತ್ತು.

ಆಮೇಲೆ ಮೆಟ್ಟಿಲ ಕತ್ತಲೆಯಿಂದ ಕಟಿಂಗ್ ಅಂಗಡಿಯವನ ದನಿ ಬಂತು.

"ಮೆಟ್ಟಿಲು."

ನನ್ನ ಕಾಲು ಮಷೀನಿನ ಮೇಲೆ ಹಾಗೇ ನಿಂತಿತು. ಆ ಮೆಟ್ಟಿಲಲ್ಲಿ ಅವನು ಬಾಯಿ ಬಿಡುವ ಹಾಗಿರಲಿಲ್ಲ.

ಅಲ್ಲಿ ನಡೆದದ್ದನ್ನು ಅವನೇ ನನಗೆ ಆಮೇಲೆ ಹೇಳಿದ, ಅವನಂಥ ವಾಚಾಳಿ ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದ. ಏಡಿಯಣ್ಣ ಒಂದು ಕಾಲು ಎತ್ತಿ ನಿಂತನಂತೆ. ಎದೆಗೆ ಒದೆ ಬರಲಿಲ್ಲ. ಹಿಂದಿದ್ದವನಿಗೆ ಬಾಯಣ್ಣನ ತಲೆಯ ಹಿಂಭಾಗ ಮಾತ್ರ ಕಾಣುತ್ತದೆ, ಮುಖ ಕಾಣುವುದು ಅಣ್ಣನಿಗೆ ಒಬ್ಬನಿಗೇ. ಅಣ್ಣ ಆ ಮುಖವನ್ನು ನೋಡುತ್ತಾ ಎತ್ತಿದ ಕಾಲನ್ನು ಹಾಗೇ ಇಟ್ಟುಕೊಂಡಿದ್ದ. ಇವನಿಗೆ ಗಾಬರಿಯಾಗಿ, ನಿಯಮ ಮುರಿದು, ಪಿಸುದನಿಯಲ್ಲಿ, "ಯಾಕಣ್ಣ? ವಾಪಸ್ ಮೇಲೆ ಹೋಗೋಣ್ವಾ?" ಎಂದು ಕೇಳಿದ.

"ಬೇಡ," ಎಂದನಂತೆ ಏಡಿಯಣ್ಣ. "ಅವನಿಗೆ ಕೆಳಗೆ ಹೋಗ್ಬೇಕು. ಇನ್ನು ನೀನು ಹೇಳು."

ನಾನು ಅಂಗಡಿಯಿಂದ ಎದ್ದು ಮೆಟ್ಟಿಲ ಬುಡಕ್ಕೆ ಬಂದು ನಿಂತೆ. ಮೇಲೆ ಬಾಗಿಲುಗಳು ತೆರೆದುಕೊಂಡವು. ಅತ್ತಿಗೆ ಗೋಡೆ ಹಿಡಿದುಕೊಂಡು ಅವರ ಹಿಂದೆಯೇ ಇಳಿಯುತ್ತಿದ್ದಳು. ಮೊದಲು ಏಡಿಯಣ್ಣನ ಹಿಮ್ಮಡಿ ಕಂಡಿತು, ಆಮೇಲೆ ಅಗಲವಾದ ಬೆನ್ನು. ಕಟಿಂಗ್ ಅಂಗಡಿಯವನು ಅಳುತ್ತಿದ್ದ. ಅಳುತ್ತಲೇ ಒಂದೊಂದನ್ನೂ ಬಿಡದೆ ಹೇಳುತ್ತಿದ್ದ. ಮೆಟ್ಟಿಲು. ಮೆಟ್ಟಿಲು. ಎಡಕ್ಕೆ. ಮೆಟ್ಟಿಲು. ಏಡಿಯಣ್ಣ ತಮ್ಮನ ಮುಖದಿಂದ ಕಣ್ಣು ತೆಗೆಯದೆ, ಆ ದನಿಗೆ, ಒಂದು ಸಲವೂ ತಿರುಗಿ ಕೇಳದೆ ಕಾಲಿಡುತ್ತಾ ಬಂದ.

"ನೆಲ," ಎಂದ ಹಿಂದಿನವನು.

ಏಡಿಯಣ್ಣ ಎರಡೂ ಕಾಲನ್ನು ನೆಲಕ್ಕೆ ಊರಿ ನಿಂತ. ಕುರ್ಚಿಯನ್ನು ಕೆಳಗಿಡಲು ಮಾತ್ರ ಅವನ ಕೈ ಒಪ್ಪಲಿಲ್ಲ. ನಾನೂ ಅತ್ತಿಗೆಯೂ ಒಂದೊಂದು ಬದಿಯಿಂದ ಹಿಡಿದು ಇಳಿಸಿದೆವು.